ಇಟ್ಟು ಹೋಗಿ, ನಾವಿದ್ದೀವಿ

ಮಾರ್ಚ್ 2, ಬೆಳಗ್ಗೆ

ಮತ್ತೆ ಅದೇ ಕನಸು. ಅಡುಗೆಮನೆಯ ನೆಲದ ಮೇಲೆ ಬೆಳಕಿನ ಗೆರೆ. ದಾರದಷ್ಟು ತೆಳ್ಳಗೆ. ಫ್ರಿಜ್ಜಿನ ಬಾಗಿಲು ಪೂರ್ತಿ ಮುಚ್ಚಿಲ್ಲ, ಅದಕ್ಕೇ ಒಳಗಿನ ದೀಪ ಆರಿಲ್ಲ. ಒತ್ತಿದೆ. ಗೆರೆ ಹೋಗಲಿಲ್ಲ. ಬೆನ್ನು ಕೊಟ್ಟು ಒತ್ತಿದೆ. ಒಳಗಿನಿಂದಲೂ ಯಾರೋ ಒತ್ತುತ್ತಿದ್ದರು. ನೋಡಿದರೆ ಟೈಲರಮ್ಮನ ಗಿಣಿ. "ಬಾಗ್ಲು ಹಾಕು, ಬಾಗ್ಲು ಹಾಕು" ಎಂದಿತು. ಸತ್ತ ಗಿಣಿ. ಬದುಕಿದ್ದಾಗ ಒಂದು ಮಾತೂ ಆಡಿದ್ದಲ್ಲ.

ಎದ್ದವಳೇ ಹೋಗಿ ನೋಡಿದೆ. ಮುಚ್ಚಿತ್ತು. ತೆಗೆದು ಕೈ ಇಟ್ಟೆ — ತಣ್ಣಗಿತ್ತು. ಮುಚ್ಚಿದೆ. ಸರಿಯಾಗಿ ಕೂತಿತೋ ಇಲ್ಲವೋ... ಇನ್ನೊಮ್ಮೆ ತೆಗೆದು ಮುಚ್ಚಿದೆ.

ಇವರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ, "ಶುರುವಾಯ್ತಾ ರೌಂಡ್ಸು? ಡಾಕ್ಟರಮ್ಮ ಬಂದ್ರು, ಪೇಶೆಂಟುಗಳೆಲ್ಲ ಎದ್ದು ಕೂತ್ಕೊಳ್ಳಿ" ಎಂದರು.

ನಗು ಬರಲಿಲ್ಲ.

ಈ ಡೈರಿ ಇವರಿಗೆ ಬಿಡಿಭಾಗದ ಅಂಗಡಿಯವರು ಕೊಟ್ಟದ್ದು. ಹೋದ ವರ್ಷದ್ದು. ತಾರೀಕಿಗೂ ವಾರಕ್ಕೂ ತಾಳೆಯಿಲ್ಲ, ನನ್ನ ತಲೆಯ ಹಾಗೆ. ಸ್ಕೂಲು ಆರನೇ ಕ್ಲಾಸಿಗೇ ಮುಗಿಯಿತು, ನಡುವೆ ಎರಡು ಸಲ ನಿಂತು ಹೋಗಿ. ಆದರೂ ಬರೆದರೆ ಎದೆಯ ಡವಡವ ಸ್ವಲ್ಪ ಇಳಿಯುತ್ತದೆ. ಯಾರಿಗಾದರೂ ಏನಾದರೂ ಹೇಳಬೇಕಿದ್ದರೆ ಮೊದಲು ಇಲ್ಲಿ ಬರೆದು ಬಾಯಿಪಾಠ ಮಾಡಿಕೊಳ್ಳುತ್ತೇನೆ. ಇಲ್ಲದಿದ್ದರೆ ಎದುರಿಗೆ ನಿಂತಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡುಬಿಡುತ್ತದೆ.

ಮಾರ್ಚ್ 3

ಕರೆಂಟು ಹೋಯಿತು, ಬಂತು, ಹೋಯಿತು. ಗೋಡೆಯ ಹಿಡಿ ಎತ್ತಿದೆ, ಇಳಿಸಿದೆ, ಎತ್ತಿದೆ.

ಇವರು ಫ್ರಿಜ್ ಮೆಕ್ಯಾನಿಕ್. ಐಸ್‌ಕ್ರೀಂ ಅಂಗಡಿಯವರು ಬಿಸಾಡಿದ ಈ ಎರಡು ಬಾಗಿಲಿನ ರಾಕ್ಷಸನನ್ನು ಹೊತ್ತು ತಂದು, ಬೇರೆ ಕಂಪ್ರೆಸರ್ ಕೂರಿಸಿ, ಪಕ್ಕದಲ್ಲಿ ಲಾರಿ ಬ್ಯಾಟರಿಗಳನ್ನು ಜೋಡಿಸಿಟ್ಟವರು. ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಹೋಯಿತು. ಉಳಿದವರ ಫ್ರಿಜ್ಜುಗಳೆಲ್ಲ ಬಟ್ಟೆ ಇಡುವ ಬೀರುಗಳಾಗಿವೆ. ಓಡುವುದು ನಮ್ಮದೊಂದೇ. ಆದರೆ ಕರೆಂಟು ಹೋದ ಕೂಡಲೇ ಗೋಡೆಯ ಮೇಲಿನ ಕಬ್ಬಿಣದ ಹಿಡಿಯನ್ನು ಯಾರಾದರೂ ಮೇಲಕ್ಕೆ ಎತ್ತಬೇಕು, ಬ್ಯಾಟರಿಯಿಂದ ಓಡಲಿಕ್ಕೆ. ಬಂದ ಕೂಡಲೇ ಇಳಿಸಬೇಕು, ಇಲ್ಲದಿದ್ದರೆ ಬ್ಯಾಟರಿ ಬರಿದಾಗುತ್ತದೆ. ತಾನಾಗಿ ಬದಲಾಗುವ ಸ್ವಿಚ್ಚು ಹಾಕುತ್ತೇನೆ, ನಾಳೆ ಹಾಕುತ್ತೇನೆ ಎಂದು ಇವರು ಹೇಳಿ ಹೇಳಿ ಆ ಮಾತಿಗೇ ಹಲ್ಲು ಉದುರಿದೆ. ಊರವರ ಫ್ರಿಜ್ಜನ್ನೆಲ್ಲ ರಿಪೇರಿ ಮಾಡುವವರ ಮನೆಯಲ್ಲಿ ಹೆಂಡತಿಯೇ ಸ್ವಿಚ್ಚು.

ಇವರು ಬೆಳಗ್ಗೆ ಬ್ಯಾಗು ಹೆಗಲಿಗೇರಿಸಿ ಹೋದರೆ ಬರುವುದು ಸಂಜೆಗೆ. ನಾನು ಎಲ್ಲಿಗೆ ಹೋಗಲಿ? ತರಕಾರಿಗೆಂದು ಬೀದಿ ತುದಿಗೆ ಹೋದರೂ ಕಿವಿ ಮನೆಯಲ್ಲೇ ಇರುತ್ತದೆ. ಯಾರದೋ ಮನೆಯ ಫ್ಯಾನು ನಿಂತರೆ ಸಾಕು, ಬದನೆಕಾಯಿ ತಕ್ಕಡಿಯಲ್ಲೇ ಬಿಟ್ಟು ಓಡಿಬರುತ್ತೇನೆ. ತರಕಾರಿಯವನು ನನಗೆ 'ಎಕ್ಸ್‌ಪ್ರೆಸ್ಸು' ಎಂದು ಹೆಸರಿಟ್ಟಿದ್ದಾನಂತೆ.

ಮಾರ್ಚ್ 5

ಯಾರಾದರೂ ಬಾಗಿಲಲ್ಲಿ ಪೊಟ್ಟಣ ಹಿಡಿದು ನಿಂತರೆ ಇವರ ಬಾಯಿಂದ ಬರುವುದು ಒಂದೇ ಮಾತು. "ಇಟ್ಟು ಹೋಗಿ, ನಾವಿದ್ದೀವಿ."

ನಾವು ಅಂದರೆ ನಾನು.

ಮೇಲಿನ ಮನೆಯ ಮೇಷ್ಟ್ರ ಇನ್ಸುಲಿನ್ ಸರಿ, ಅದು ಔಷಧಿ. ಆದರೆ ಮಿಕ್ಕದ್ದು? ಪಕ್ಕದ ಟೈಲರಮ್ಮನ ಗಿಣಿ ಫ್ರೀಜರಿನಲ್ಲಿದೆ. ರವಿಕೆ ಬಟ್ಟೆಯಲ್ಲಿ ಸುತ್ತಿ, ಅಂಚು ಹೊಲಿದು, ಗುಂಡಿ ಕೂಡ ಇಟ್ಟಿದ್ದಾಳೆ. ಮಗ ಹಡಗಿನಲ್ಲಿ ಅಡುಗೆಯವನು. ಅವನು ಸಾಕಿದ ಗಿಣಿ, ಅವನೇ ಬಂದು ಮಣ್ಣು ಮಾಡಬೇಕಂತೆ. ಹಡಗು ಯಾವ ನೀರಿನಲ್ಲಿದೆಯೋ. ಕ್ಷೌರದಂಗಡಿಯವನ ಸಿಗರೇಟು ಪ್ಯಾಕು ಒಂದು ಬೋಗುಣಿ ನೀರಿನೊಳಗೆ ಮಂಜುಗಡ್ಡೆಯಾಗಿ ಕೂತಿದೆ. ಚಟ ಬಿಡಬೇಕೆಂದು ಅವನೇ ತಂದು ಇಟ್ಟದ್ದು. ಅವನ ಹೆಂಡತಿ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡು ಹೋಗಿದ್ದಾಳೆ, ಕೊಡಬಾರದೆಂದು.

ಇವತ್ತು ಬಂದಿದ್ದ. "ಅಕ್ಕಾ, ಸುಮ್ನೆ ನೋಡ್ಕೊಂಡು ಹೋಗ್ತೀನಿ."

"ನೋಡೋಕೇನಿದೆಯಪ್ಪಾ ಅದರಲ್ಲಿ?"

"ಜೈಲಲ್ಲಿರೋರನ್ನ ನೋಡೋಕೆ ಬಿಡಲ್ವಾ ಅಕ್ಕಾ, ಭಾನುವಾರ?"

ತೋರಿಸಿದೆ. ಗಡ್ಡೆಯ ಮೇಲೆ ಕೈಯಾಡಿಸಿ ನಿಟ್ಟುಸಿರು ಬಿಟ್ಟ. ಅವನು ಹೋದ ಮೇಲೆ ಬಾಗಿಲನ್ನು ಒತ್ತಿ ನೋಡಿದೆ. ತೆಗೆದು ನೋಡಿದೆ.

ಆಮೇಲೆ ಲಾರಿ ಡ್ರೈವರನ ತಾಯಿ. ಅಜ್ಜಿಗೆ ತೊಂಬತ್ತರ ಹತ್ತಿರ ಇರಬೇಕು. ಹಿಮ ನೋಡದೆ ಸಾಯುವುದಿಲ್ಲ ಎಂದು ಹಟ ಹಿಡಿದಿದ್ದರಂತೆ. ಮಗ ಬೆಟ್ಟದ ದಾರಿಯಲ್ಲಿ ಲಾರಿ ನಿಲ್ಲಿಸಿ, ರಸ್ತೆ ಬದಿಯ ಹಿಮವನ್ನು ಉಂಡೆ ಕಟ್ಟಿ, ಮೀನಿನವರ ಥರ್ಮಕೋಲು ಪೆಟ್ಟಿಗೆಯಲ್ಲಿ ತಂದ. ಈಗ ಅದು ನಮ್ಮ ಫ್ರೀಜರಿನ ಸ್ಟೀಲ್ ಡಬ್ಬಿಯಲ್ಲಿದೆ. ಅಜ್ಜಿ ಕೋಲೂರಿಕೊಂಡು ಬರುತ್ತಾರೆ. ಒಂದೇ ಬೆರಳಿನ ತುದಿಯಲ್ಲಿ ಮುಟ್ಟುತ್ತಾರೆ. "ಇನ್ನೂ ಇದೆ" ಎನ್ನುತ್ತಾರೆ. ನೋಡದೆ ಸಾಯುವುದಿಲ್ಲ ಎಂದವರು ಈಗ ನೋಡಿಕೊಂಡು ಬದುಕಿದ್ದಾರೆ. ಅದು ಕರಗಿದರೆ? ಅಜ್ಜಿಗೆ ಏನಾದರೂ ಆದರೆ? ನನ್ನ ತಲೆಗೆ ಬರುತ್ತದಲ್ಲ.

ನಮ್ಮ ಹಾಲಿನ ಪಾತ್ರೆಗೆ ಒಳಗೆ ಜಾಗವಿಲ್ಲ. ನೀರಿನ ತಟ್ಟೆಯಲ್ಲಿ ಇಟ್ಟಿದ್ದೇನೆ. ಸಂಜೆಗೆ ಒಡೆಯಿತು.

ಮಾರ್ಚ್ 8

ಮಗಳ ಫೋನು. ಡಾಕ್ಟರು ಓಡಾಡಬೇಡ ಎಂದಿದ್ದಾರಂತೆ. ಬಿ.ಪಿ. ಏರುತ್ತಿದೆ. ಏಪ್ರಿಲ್ ನಡುವಿನಲ್ಲಿ ದಿನ ಕೊಟ್ಟಿದ್ದಾರೆ, ಆದರೆ ಮುಂಚೆಯೇ ಆಗಬಹುದು. ಅಳಿಯನಿಗೆ ಶಿಫ್ಟು. ಮನೆಯಲ್ಲಿ ಒಬ್ಬಳೇ ಮಲಗಿರುತ್ತಾಳೆ.

"ಅಮ್ಮಾ, ಈ ವಾರಾನೇ ಬಾ."

"ಬರ್ತೀನಿ ಕಂದಾ, ಇಲ್ಲಿ ಯಾರಿಗಾದ್ರೂ ಒಪ್ಪಿಸಿ—"

"ಯಾರಿಗೆ ಒಪ್ಪಿಸ್ತೀಯ? ಹೋದ ತಿಂಗಳೂ ಇದನ್ನೇ ಹೇಳ್ದೆ."

"ಮೇಷ್ಟ್ರ ಔಷಧಿ ಇದೆಯಮ್ಮಾ. ಹೆಚ್ಚುಕಮ್ಮಿ ಆದ್ರೆ..."

ಜೋರಾಗಿ ಅಲ್ಲ, ಮೆಲ್ಲಗೇ ಹೇಳಿದಳು. "ನಾನೂ ಬಂದು ನಿನ್ನ ಫ್ರಿಜ್ಜೊಳಗೆ ಕೂತ್ಕೊಂಡ್ಬಿಡ್ತೀನಿ ತಾಳು. ಆಗಲಾದ್ರೂ ಗಂಟೆಗೊಂದ್ಸಲ ಬಾಗ್ಲು ತೆಗೆದು ನೋಡ್ತೀಯ."

ಫೋನು ಇಟ್ಟಳು. ಅಷ್ಟರಲ್ಲಿ ಕರೆಂಟು ಹೋಯಿತು. ಅಳುತ್ತಲೇ ಹಿಡಿ ಎತ್ತಿದೆ.

ಮಾರ್ಚ್ 9

ಹೇಳಬೇಕಾದದ್ದು: "ನನ್ನ ಮಗಳಿಗೆ ಹುಷಾರಿಲ್ಲ. ನಾನು ಹೋಗಲೇಬೇಕು. ನಾನು ಬರುವ ತನಕ ಹಗಲು ಹೊತ್ತು ನಮ್ಮ ಮನೆಯಲ್ಲಿ ಕೂತು ಹಿಡಿ ನೋಡಿಕೊಳ್ಳಬೇಕು. ಇಲ್ಲವೆನ್ನಬೇಡಿ."

ಬಾಯಿಪಾಠ ಆಯಿತು. ಹೋಗುತ್ತೇನೆ.

ಅದೇ ದಿನ, ಸಂಜೆ

ಟೈಲರಮ್ಮ ಹೊಲಿಗೆ ಮೆಷಿನ್ನಿನ ಕಾಲು ನಿಲ್ಲಿಸಲಿಲ್ಲ. "ಅಯ್ಯೋ, ಹೋಗ್ದೇ ಇರ್ತೀಯಾ? ಹೆತ್ತ ಕರುಳು. ಆದ್ರೆ ಆ ಹಿಡಿ ನನ್ನ ಕೈಲಿ ಆಗಲ್ಲ ಕಣೇ. ಶಾಕ್ ಹೊಡೆದ್ರೆ? ನಿನ್ನ ಕೈಲಿದ್ರೇನೇ ನಂಗೆ ನೆಮ್ಮದಿ. ನೀನು ತಾಯಿ ಇದ್ದ ಹಾಗೆ ಅದಕ್ಕೆ."

ಗಿಣಿಗೆ ತಾಯಿ. ಸತ್ತ ಗಿಣಿಗೆ.

ಡ್ರೈವರನ ಹೆಂಡತಿ ಬಾಗಿಲಲ್ಲೇ ಕೈಮುಗಿದಳು. "ಅತ್ತೆ ಒಬ್ರನ್ನ ನೋಡ್ಕೊಳ್ಳೋದೇ ಸಾಕಾಗಿದೆ. ನಿಮ್ಮಂಥೋರು ಸಿಗಲ್ಲ ಅಕ್ಕಾ. ಬೀದಿಗೆ ನೀವೇ ದೇವರು." ದೇವರಿಗೆ ಗರ್ಭಗುಡಿ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ ಎಂದು ಹೇಳಬೇಕೆನಿಸಿತು.

ಕ್ಷೌರದಂಗಡಿಯವನೊಬ್ಬನೇ ಕೂಡಲೇ ಒಪ್ಪಿದ್ದು. "ಹೋಗ್ಬನ್ನಿ ಅಕ್ಕಾ, ಅಂಗಡಿ ಬಾಗ್ಲು ಹಾಕಿ ಬಂದು ಕೂತಿರ್ತೀನಿ." ಹಿಂದೆಯೇ ಅವನ ಹೆಂಡತಿ ಬಂದಳು. "ಬೆಕ್ಕಿನ ಕೈಗೆ ಹಾಲಿನ ಪಾತ್ರೆ ಕೊಟ್ಟು ಹೋಗ್ತೀರಾ? ನನ್ನ ತಲೆ ಮೇಲೆ ಕೈಯಿಟ್ಟು ಹೇಳಿ."

ಮೇಷ್ಟ್ರನ್ನು ಕೇಳಲಿಲ್ಲ. ಮೊಣಕಾಲು ನೋವಿನವರು, ಮೆಟ್ಟಿಲು ಇಳಿಯುವುದೇ ಕಷ್ಟ.

ಇವರಿಗೆ ಹೇಳಿದೆ. ನೀವಾದರೂ ಒಂದು ವಾರ ಮನೆಯಲ್ಲಿರಿ ಎಂದೆ. "ಈಗ ಸೀಸನ್ನು. ಸೆಖೆ ಶುರುವಾಗ್ತಿದೆ. ಊರವರ ಫ್ರಿಜ್ಜೆಲ್ಲ ಈಗಲೇ ಕೈ ಕೊಡೋದು. ಏಪ್ರಿಲ್ ಅಂದಿದಾರಲ್ಲ, ನೋಡೋಣ. ಅಷ್ಟ್ರಲ್ಲಿ ಸ್ವಿಚ್ಚು ಹಾಕ್ತೀನಿ."

ನೋಡೋಣ. ಈ ಮನೆಯ ನಾಲ್ಕು ಗೋಡೆಗಳೂ ಆ ಒಂದು ಮಾತಿನಿಂದಲೇ ಕಟ್ಟಿದ್ದು.

ಮಾರ್ಚ್ 12

ಒಳಗೆ ನೀರು ಒಸರುತ್ತಿದೆ. ಸಿಗರೇಟಿನ ಗಡ್ಡೆಯ ಮೇಲೆ ಬೆವರು. ಹಿಮದ ಉಂಡೆ ಚಿಕ್ಕದಾದ ಹಾಗಿದೆ. ಮೊದಲು ಅಂಗೈ ತುಂಬುತ್ತಿತ್ತು. ಅಜ್ಜಿ ಇವತ್ತು ಬೆರಳಿಟ್ಟು, "ಇನ್ನೂ ಇದೆ" ಎನ್ನಲು ಸ್ವಲ್ಪ ತಡ ಮಾಡಿದರು. ಅಥವಾ ನನಗೇ ಹಾಗನಿಸಿತೋ.

ಬಾಗಿಲು ತೆಗೆದು ನೋಡಿದರೆ ತಂಪು ಸಾಲದು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಇನ್ನೂ ಸಾಲದು. ನೋಡಿದಷ್ಟೂ ಕಡಿಮೆ. ಇವರಿಗೆ ಫೋನು ಮಾಡಿದರೆ ಯಾರದೋ ಮನೆಯಲ್ಲಿ ಗ್ಯಾಸ್ ತುಂಬುತ್ತಿದ್ದರು. "ಆಮೇಲೆ ಮಾಡ್ತೀನಿ" ಎಂದರು.

ಒಳಗಿನ ಗುಂಡಿ ಮೂರರಲ್ಲಿತ್ತು. ಪೂರ್ತಿ ತಿರುಗಿಸಿಬಿಟ್ಟೆ. ಏಳಕ್ಕೆ. ಈಗ ಸ್ವಲ್ಪ ಸಮಾಧಾನ. ಕಂಪ್ರೆಸರು ಉಸಿರು ಕಟ್ಟಿದವರ ಹಾಗೆ ಓಡುತ್ತಿದೆ.

ಮಗಳಿಗೆ ಫೋನು ಮಾಡಿದೆ. ಅಳಿಯ ಎತ್ತಿದ. "ಮಲಗಿದಾಳೆ ಅತ್ತೆ." ಹಿಂದೆ ಅವಳ ಧ್ವನಿ ಕೇಳಿಸಿತು. ಮಲಗಿರಲಿಲ್ಲ.

ಮಾರ್ಚ್ 14

ಹೇಗೆ ಬರೆಯಲಿ.

ಮೇಷ್ಟ್ರು ಹೊಸ ಬಾಟಲು ಬೇಕೆಂದು ಬಂದರು. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಇಳಿದು. ತೆಗೆದುಕೊಟ್ಟೆ. ಬೆಳಕಿಗೆ ಹಿಡಿದು ಅಲ್ಲಾಡಿಸಿದರು. ಅಲ್ಲಾಡಲಿಲ್ಲ. ಮೂರೂ ಬಾಟಲು ಕಲ್ಲು. ಹಿಂದಿನ ಗೋಡೆಗೆ ತಾಗಿಸಿ ಇಟ್ಟಿದ್ದೆ, ಅಲ್ಲಿಯೇ ತಂಪು ಜಾಸ್ತಿ ಎಂದು. ಗುಂಡಿ ಏಳಕ್ಕೆ ತಿರುಗಿಸಿದವಳೂ ನಾನೇ.

"ಬಿಸಿಲಲ್ಲಿ ಇಡ್ತೀನಿ ಮೇಷ್ಟ್ರೇ, ಕರಗತ್ತೆ" ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

"ಬೇಡಮ್ಮ. ಒಂದ್ಸಲ ಹೆಪ್ಪುಗಟ್ಟಿದ್ರೆ ಮುಗೀತು. ಕರಗಿದ್ರೂ ಅದರಲ್ಲಿ ಸತ್ವ ಇರಲ್ಲ."

"ನಿಮಗೇನಾದ್ರೂ ಆಗಿದ್ರೆ..."

"ಆಗ್ಲಿಲ್ವಲ್ಲ. ಮೇಲೆ ಇನ್ನೂ ಎರಡು ದಿನಕ್ಕಾಗುವಷ್ಟಿದೆ. ಅಷ್ಟರಲ್ಲಿ ತರಿಸ್ಕೊತೀನಿ." ನನ್ನ ಮುಖ ನೋಡಿ, "ಪರೀಕ್ಷೆಯಲ್ಲಿ ಫೇಲಾದ ಹುಡುಗಿ ಥರ ನಿಂತಿದ್ದೀಯಲ್ಲ. ಕೂತ್ಕೋ. ನೀರು ಕುಡಿ" ಎಂದರು. ಅವರಿಗೆ ನಾನು ಕೊಡಬೇಕಾದ ನೀರನ್ನು ಅವರೇ ಬಗ್ಗಿಸಿ ನನಗೆ ಕೊಟ್ಟರು.

ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 15

ಇವರು ಇವತ್ತು ಕೆಲಸಕ್ಕೆ ಹೋಗಲಿಲ್ಲ. ಟಾರ್ಚು ಹಿಡಿದು ಫ್ರಿಜ್ಜಿನ ಹಿಂದೆ, ಕೆಳಗೆ, ಒಳಗೆ ನೋಡಿದರು. ಆಮೇಲೆ ಒಂದು ಹಾಳೆ ತಂದು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ, ಎಳೆದರು. ಮೇಲುಗಡೆ ಗಟ್ಟಿಯಾಗಿ ಹಿಡಿದುಕೊಂಡಿತು. ಕೆಳಗಿನ ಮೂಲೆಯಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಜಾರಿ ಬಂತು.

"ರಬ್ಬರು ಹೋಗಿದೆ" ಎಂದರು. "ಇಲ್ನೋಡು, ಸವೆದು ಬಾಯಿ ಬಿಟ್ಟಿದೆ. ಇಲ್ಲಿಂದ ಬಿಸಿಗಾಳಿ ಒಳಗೆ ಹೋಗ್ತಿದೆ."

"ಹಳೇದಾಗಿತ್ತೇನೋ" ಎಂದೆ.

"ಹೋದ ವರ್ಷ ಹಾಕಿದ್ದು. ಐಸ್‌ಕ್ರೀಂ ಅಂಗಡಿಯಲ್ಲೂ ಇಷ್ಟು ಬೇಗ ಸವೆಯಲ್ಲ." ನೆಲದ ಮೇಲೆ ಕೂತು ನನ್ನ ಕಡೆ ನೋಡಿದರು. ಬೇರೆಯವರ ಮನೆಯಲ್ಲಿ ಗಿರಾಕಿಯನ್ನು ನೋಡುವ ಹಾಗೆ. "ದಿನಕ್ಕೆ ಎಷ್ಟು ಸಲ ತೆಗೀತೀಯ?"

ಹೇಳಬೇಕೆಂದರೆ ಲೆಕ್ಕ ಎಲ್ಲಿದೆ.

"ನೀನು ತೆಗೆದಾಗೆಲ್ಲ ಬಿಸಿಗಾಳಿ ಹೋಗತ್ತೆ. ತಂಪು ಇಳಿಯತ್ತೆ. ತಂಪು ಇಳೀತು ಅಂತ ಮತ್ತೆ ತೆಗೀತೀಯ. ಆಮೇಲೆ ಗುಂಡಿ ತಿರುಗಿಸ್ತೀಯ. ಫ್ರಿಜ್ಜಿಗೆ ಏನೂ ಆಗಿಲ್ಲ ಮಾರಾಯ್ತಿ. ನೀನೇ ಅದರ ಕಾಯಿಲೆ."

ಬೇಕೆಂದು ನೋಯಿಸಲು ಹೇಳಿದ್ದಲ್ಲ. ರಿಪೇರಿಯವರು ಹೇಳುವ ಹಾಗೆ ಹೇಳಿದರು, ಇಂಥ ಭಾಗ ಹೋಗಿದೆ ಎಂದು.

ಹೊಸ ರಬ್ಬರು ಹಾಕಿದರು. ಆಮೇಲೆ ತಮ್ಮ ಹಳೆಯ ಎರಡು ಬೆಲ್ಟು ಜೋಡಿಸಿ ಫ್ರಿಜ್ಜಿನ ಸುತ್ತ ಬಿಗಿದು ಬಕಲು ಹಾಕಿದರು. "ಯಾರಾದ್ರೂ ಬಂದು ಕೇಳಿದಾಗ ಮಾತ್ರ ಬಿಚ್ಚು."

ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಫ್ರಿಜ್ಜು ಪೊಲೀಸಿನವನ ಹಾಗೆ ನಿಂತಿದೆ.

ಮಾರ್ಚ್ 21

ಬರೆಯಲು ಕೈ ಬಂದಿರಲಿಲ್ಲ.

ಬೆಲ್ಟು ಬಿಚ್ಚಿಲ್ಲ. ಎರಡು ಸಲ ಬಕಲಿನ ಮೇಲೆ ಕೈ ಇಟ್ಟು ತೆಗೆದೆ. ನಿನ್ನೆ ಅಜ್ಜಿ ಬಂದಾಗ ಬಿಚ್ಚಿದ್ದು ಒಂದೇ. ಉಂಡೆ ಗಟ್ಟಿಯಾಗಿದೆ. ಚಿಕ್ಕದಾದದ್ದು ಚಿಕ್ಕದೇ, ಆದರೆ ಗಟ್ಟಿ. "ಇನ್ನೂ ಇದೆ" ಎಂದರು ತಕ್ಷಣ.

ನಾನು ನೋಡದಿದ್ದರೂ ಇದೆ. ನೋಡದ್ದಕ್ಕೇ ಇದೆ.

ಇದು ಸಂತೋಷದ ಮಾತಾಗಬೇಕಿತ್ತು. ಹಾಗಾದರೆ ಇಷ್ಟು ವರ್ಷ ನಾನು ಮಾಡಿದ್ದೇನು? ಮಗಳ ಸೀಮಂತಕ್ಕೆ ಬೆಳಗ್ಗೆ ಹೋಗಿ ಸಂಜೆಗೇ ಓಡಿಬಂದೆ. ಅಕ್ಕ ಆಸ್ಪತ್ರೆಯಲ್ಲಿದ್ದಾಗ ಫೋನಿನಲ್ಲೇ ವಿಚಾರಿಸಿದೆ. ಎಲ್ಲರೂ "ನೀನಿಲ್ಲದಿದ್ರೆ ಆಗಲ್ಲ" ಎಂದರು. ನಾನೂ ನಂಬಿದೆ. ನಂಬಲು ಹಿತವಾಗಿತ್ತು ಕೂಡ.

ಇವರು ಊಟಕ್ಕೆ ಕೂತಾಗ, "ಹೋಗ್ಬಿಡು ಮಗಳ ಮನೆಗೆ. ಏನೋ ಮಾಡ್ಕೊತೀವಿ" ಎಂದರು.

"ಹಿಡಿ?"

"ಏನೋ ಮಾಡ್ಕೊತೀವಿ ಅಂದ್ನಲ್ಲ."

ಏನೋ ಅಂದರೆ ಏನು? ಯಾರು? ನಾನು ಹೋದ ದಿನವೇ ಕರೆಂಟು ಹೋಗಿ, ಇವರು ಮರೆತು, ಮೇಷ್ಟ್ರ ಹೊಸ ಬಾಟಲು ಬಿಸಿಯಾದರೆ? ಮೊನ್ನೆ ಕಲ್ಲಾಗಿಸಿದ್ದಕ್ಕೆ ಇನ್ನೂ ಅವರ ಮುಖ ನೋಡಲು ಆಗಿಲ್ಲ. ಸೋಮವಾರ ನೋಡೋಣ ಎಂದೆ. ಎಂದ ಮೇಲೆ ಗೊತ್ತಾಯಿತು — ನೋಡೋಣ. ಆ ಮಾತು ಈಗ ನನ್ನ ಬಾಯಿಗೂ ಬಂದಿದೆ.

ಮಾರ್ಚ್ 24, ರೈಲಿನಲ್ಲಿ

ಅಕ್ಷರ ಕುಣಿಯುತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿದೆ.

ಬೆಳಗ್ಗೆ ಅಳಿಯನ ಫೋನು. "ಅತ್ತೆ, ಆಸ್ಪತ್ರೆಗೆ ಕರ್ಕೊಂಡು ಬಂದ್ವಿ. ಕಾಯೋ ಹಾಗಿಲ್ಲ ಅಂತಿದಾರೆ." ಮುಂದೆ ಏನೋ ಹೇಳಿದ. ಕೇಳಿಸಲಿಲ್ಲ. ಅದೇ ಗಳಿಗೆಗೆ ಕರೆಂಟು ಹೋಯಿತು. ಇವರು ಆಗಲೇ ಹೊರಟುಹೋಗಿದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಹಿಡಿಯ ಮೇಲೆ. ಎತ್ತಿದೆ. ಎತ್ತಿ ಅಲ್ಲಿಯೇ ನಿಂತುಬಿಟ್ಟೆ. ಕರೆಂಟು ಬಂದರೆ ಇಳಿಸಬೇಕಲ್ಲ. ಬರಲಿ, ಇಳಿಸಿ ಹೊರಡೋಣ ಎಂದು. ಬರಲಿಲ್ಲ. ನಿಂತೇ ಇದ್ದೆ. ಮಗಳು ಅಲ್ಲಿ ಮಲಗಿದ್ದಾಳೆ, ನಾನು ಇಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದೇನೆ. ಕಾಲು ಬರುತ್ತಿಲ್ಲ. ನಿಜವಾಗಿಯೂ ಬರುತ್ತಿಲ್ಲ.

ಮೆಟ್ಟಿಲ ಮೇಲೆ ಕೋಲಿನ ಸದ್ದು. ಮೇಷ್ಟ್ರು. ನಾನು ಫೋನಿನಲ್ಲಿ ಕಿರುಚಿದ್ದು ಮೇಲಕ್ಕೆ ಕೇಳಿಸಿತಂತೆ. ನಾನು ಕಿರುಚಿದ್ದು ನನಗೆ ಗೊತ್ತೇ ಇಲ್ಲ.

"ಕುರ್ಚಿ ಎಲ್ಲಿದೆ?" ಎಂದರು. ತಾವೇ ಎಳೆದುಕೊಂಡು ಹಿಡಿಯ ಕೆಳಗೆ ಕೂತರು. "ಕರೆಂಟು ಬಂದ್ರೆ ಕೆಳಗೆ, ಹೋದ್ರೆ ಮೇಲೆ. ಅಷ್ಟೇ ತಾನೇ?"

"ನಿಮ್ಮ ಕಾಲು ಮೇಷ್ಟ್ರೇ—"

"ಹಿಡಿ ಎತ್ತೋದು ಕೈಯಲ್ಲಿ. ಕಾಲಲ್ಲಲ್ಲ."

"ಬಾಗಿಲ ಕೆಳಗಿನ ಮೂಲೆ ಸ್ವಲ್ಪ..."

"ಹೋಗಮ್ಮಾ!" ಎಂದರು. ಕ್ಲಾಸಿನಲ್ಲಿ ಕೂಗುವ ಹಾಗೆ. ಸ್ಕೂಲು ಬಿಟ್ಟ ದಿನವೂ ನಾನು ಹೀಗೇ ಓಡಿದ್ದೆ.

ಚಪ್ಪಲಿ ಜೋಡಿಯಲ್ಲ. ಒಂದು ನನ್ನದು, ಒಂದು ಟೈಲರಮ್ಮನದು.

ಮಾರ್ಚ್ 24, ಸಂಜೆ

ತಡವಾಯಿತು. ನಾನು ಬರುವಷ್ಟರಲ್ಲಿ ಆಗಿಹೋಗಿತ್ತು. ಆಪರೇಷನ್ನು. ಹೆಣ್ಣು ಮಗು. ಕಡಿಮೆ ತೂಕ. ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಟ್ಟಿದ್ದಾರೆ, ಒಳಗೆ ಬಿಡುವುದಿಲ್ಲ.

ಮಗಳ ಮುಖ ಬಿಳುಚಿದೆ. ತುಟಿ ಒಣಗಿದೆ. ಕೈ ಹಿಡಿದುಕೊಂಡೆ. ರೈಲಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

"ಫ್ರಿಜ್ ಹೇಗಿದೆಯಮ್ಮಾ?"

ತಮಾಷೆಗೋ, ಸಿಟ್ಟಿಗೋ. ಗೊತ್ತಾಗಲಿಲ್ಲ. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಮಾರ್ಚ್ 26

ಇವರ ಫೋನು. ಮೊಮ್ಮಗಳ ಬಗ್ಗೆ ಕೇಳಿ ಕೇಳಿ ಮುಗಿಸಿದ ಮೇಲೆ, "ಇಲ್ಲಿ ಎಲ್ಲ ಸರಿಯಾಗಿದೆ. ಅಜ್ಜಿ ಬಂದಿದ್ರು. ಕ್ಷೌರದಂಗಡಿಯವನು ಬಂದು ಮೇಷ್ಟ್ರ ಜೊತೆ ಚೌಕಾಬಾರ ಆಡ್ತಾ ಕೂತಿದ್ದ. ಸಿಗರೇಟು ಕೇಳ್ಲೇ ಇಲ್ವಂತೆ" ಎಂದರು.

"ಹಿಡಿ? ಮೇಷ್ಟ್ರು ಎಷ್ಟು ದಿನ ಅಂತ ಕೂರ್ತಾರೆ?"

"ಓ, ಅದಾ. ನಿನ್ನೆ ಒಂದು ದಿನ ನಾನೇ ಮನೇಲಿದ್ದು ಎತ್ತೋದು ಇಳಿಸೋದು ಮಾಡಿದೆ. ತಲೆ ಕೆಟ್ಟುಹೋಯ್ತು. ಆಟೋಮ್ಯಾಟಿಕ್ ಸ್ವಿಚ್ಚು ಹಾಕ್ಬಿಟ್ಟೆ. ಒಂದು ಮಧ್ಯಾಹ್ನದ ಕೆಲ್ಸ."

ಒಂದು ಮಧ್ಯಾಹ್ನ.

"ಹಲೋ, ಹಲೋ, ಲೈನಲ್ಲಿದೀಯಾ?" ಎನ್ನುತ್ತಿದ್ದರು. ಇದ್ದೆ. ಇಷ್ಟು ವರ್ಷ ಇದ್ದೆನಲ್ಲ.

ಮಾರ್ಚ್ 28, ಬೆಳಗ್ಗೆ, ಆಸ್ಪತ್ರೆಯ ಬೆಂಚಿನ ಮೇಲೆ

ಮಗುವಿಗೆ ಇನ್ನೂ ಚೀಪಲು ಬರುವುದಿಲ್ಲ. ಕೊಳವೆಯಲ್ಲಿ ಹನಿ ಹನಿ ಕುಡಿಸುತ್ತಾರೆ. ಅದಕ್ಕೆ ಮಗಳು ಹಾಲು ಹಿಂಡಿ ಕೊಡಬೇಕು. ಮೊದಲ ಎರಡು ಮೂರು ದಿನ ಬರಲೇ ಇಲ್ಲ. ನಿನ್ನೆ ಇಡೀ ದಿನ ಅತ್ತು, ನೋವು ತಿಂದು, ಇವತ್ತು ಬೆಳಗ್ಗೆ ಒಂದು ಪುಟ್ಟ ಬಾಟಲಿನ ತಳ ಮುಚ್ಚುವಷ್ಟು ಬಂತು. ಹಳದಿಯಾಗಿ, ಗಟ್ಟಿಯಾಗಿ. "ಅಮ್ಮಾ, ಚೆಲ್ಲಬೇಡ" ಎಂದಳು. ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಟೆ. ದೀಪ ಹಿಡಿದುಕೊಂಡು ಹೋಗುವ ಹಾಗೆ, ಗಾಳಿಗೂ ಹೆದರಿ.

ವಾರ್ಡಿನ ತುದಿಯಲ್ಲಿ ಗಾಜಿನ ಕೋಣೆ. ಅದರೊಳಗೆ ಒಂದು ಫ್ರಿಜ್ಜು. ಬಿಳಿಯದು, ನಮ್ಮದರ ಅರ್ಧದಷ್ಟು. ಸಿಸ್ಟರು ಬಾಗಿಲು ತೆಗೆದರು. ಒಳಗೆ ಸಾಲು ಸಾಲು ಅದೇ ಥರದ ಪುಟ್ಟ ಬಾಟಲುಗಳು, ಒಂದೊಂದಕ್ಕೂ ಒಬ್ಬೊಬ್ಬ ತಾಯಿಯ ಹೆಸರು. ಕೆಲವು ತುಂಬಿವೆ, ಕೆಲವಕ್ಕೆ ನಮ್ಮದರ ಹಾಗೆ ತಳ ಮಾತ್ರ.

ಎಲ್ಲಿಡುತ್ತಾರೋ ಎಂದು ಇಣುಕಿದೆ. ಹಿಂದಿನ ಗೋಡೆಗೆ ತಾಗಿಸಬೇಡಿ ಎನ್ನಬೇಕೆಂದಿದ್ದೆ. ತಾಗಿಸಲಿಲ್ಲ. ನಡುವಿನಲ್ಲಿಟ್ಟರು.

"ಇಟ್ಟು ಹೋಗಿಮ್ಮಾ" ಎಂದರು. "ನಾವಿದ್ದೀವಿ."

ನನಗೆ ಹೆಜ್ಜೆ ಕೀಳಲಾಗಲಿಲ್ಲ.

ಟೈಲರಮ್ಮ ಗಿಣಿ ಕೊಟ್ಟ ದಿನ ಹೀಗೇ ನಿಂತಿದ್ದಳು, ಹೊಸ್ತಿಲ ಮೇಲೆ. ಹೋಗಮ್ಮಾ, ನನಗೆ ಕೆಲಸವಿದೆ ಎಂದಿದ್ದೆ. ಅಜ್ಜಿ ಯಾಕೆ ಅಷ್ಟು ದೂರ ಕೋಲೂರಿಕೊಂಡು ಬಂದು ಒಂದು ಬೆರಳು ಇಟ್ಟು ಹೋಗುತ್ತಾರೆ ಎಂದೂ ಈಗ ಗೊತ್ತಾಯಿತು. ಕಾಯುವುದು ಕಷ್ಟ ಅಂದುಕೊಂಡಿದ್ದೆ. ಕೊಟ್ಟು ಬೆನ್ನು ತಿರುಗಿಸುವುದು ಅದಕ್ಕಿಂತ ಕಷ್ಟ.

ತಿರುಗಿಸಿದೆ. ಬಂದೆ. ಬಾಗಿಲಿಗೆ ಕೈ ಹಾಕಲಿಲ್ಲ.

ಈಗ ಗಾಜಿನಿಂದ ಈಚೆ ಬೆಂಚಿನ ಮೇಲೆ ಕೂತಿದ್ದೇನೆ. ಇಲ್ಲಿಂದ ಫ್ರಿಜ್ಜಿನ ಒಂದು ಮಗ್ಗುಲು ಕಾಣುತ್ತದೆ. ಮಗಳು ವಾರ್ಡಿನಲ್ಲಿ ಮತ್ತೆ ಹಿಂಡುತ್ತಿದ್ದಾಳೆ. ಈ ಸಲ ಸ್ವಲ್ಪ ಹೆಚ್ಚು ಬರುತ್ತಿದೆಯಂತೆ. ಅಳಿಯ ಟೀ ತಂದುಕೊಟ್ಟ. ಎಲ್ಲ ಸರಿಯಾಗಿದೆ.

ಆ ಫ್ರಿಜ್ಜಿನ ಬಾಗಿಲ ಕೆಳಗೆ ನೆಲದ ಮೇಲೆ ಒಂದು ಗೆರೆ ಕಾಣಿಸುತ್ತಿದೆ. ಬೆಳಕಿನದು. ದಾರದಷ್ಟು. ಕಿಟಕಿಯ ಬಿಸಿಲಿರಬಹುದು. ಬಿಸಿಲೇ ಇರಬೇಕು. ಆದರೆ ಬಿಸಿಲಾದರೆ ಅಷ್ಟು ನೇರವಾಗಿ...

ಎದ್ದು ಹೋಗಿ ತೆಗೆದು ನೋಡಬಾರದು. ತೆಗೆದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆ ಸಿಸ್ಟರು ಡ್ಯೂಟಿ ಮುಗಿಸಿ ಹೋದರು. ಈಗ ಬೇರೆಯವರು ಬರುತ್ತಾರೆ. ಬಂದ ಕೂಡಲೇ ಕೇಳಬೇಕು. ತಡವರಿಸಬಾರದು.

ಹೇಳಬೇಕಾದದ್ದು: "ಸಿಸ್ಟರ್, ತಪ್ಪು ತಿಳ್ಕೋಬೇಡಿ. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಬಾಗಿಲು ತೆಗೀಬೇಡಿ. ಹೊರಗಿಂದಲೇ, ಕೆಳಗಿನ ಮೂಲೆ, ಅಂಗೈಯಲ್ಲಿ ಒಂದೇ ಒಂದು ಸಲ ಒತ್ತಿ ನೋಡಿ. ಗೆರೆ ಹೋಗತ್ತಾ ಅಂತ ಇಲ್ಲಿಂದ ನಾನು ನೋಡ್ತಿರ್ತೀನಿ. ಹೋಗ್ಲಿಲ್ಲ ಅಂದ್ರೆ ಇನ್ನೊಂದು ಸಲ..."